ಕೋಲಾರದ ಐದು ಬೈಕು, ಸ್ಪಿತಿಯ ಎಂಟು ದಿನ

ಹಿಮಾಚಲ ಪ್ರದೇಶದ ಸ್ಪಿತಿ ಕಣಿವೆಗೆ ಹೋಗಿ ಬಂದದ್ದು ಹೋದ ವರ್ಷ ಆಗಸ್ಟ್ ಕೊನೆಗೆ, ಬರೆಯಲು ಕೂತದ್ದು ಈಗ. ನಡುವೆ ಬೇಸಿಗೆ ಬಂತು. ಬೇಸಿಗೆಯಲ್ಲಿ ನನಗೆ ಊಟಕ್ಕೂ ಪುರುಸೊತ್ತು ಇರುವುದಿಲ್ಲ. ಕೋಲಾರದಲ್ಲಿ ನನ್ನದು ಬೋರ್‌ವೆಲ್ ಮೋಟರ್ ವೈಂಡಿಂಗ್ ಅಂಗಡಿ. ಸಾವಿರದ ಇನ್ನೂರು ಅಡಿ, ಸಾವಿರದ ನಾನೂರು ಅಡಿಯಿಂದ ಪೈಪು ಎತ್ತಿಸಿ, ಸುಟ್ಟ ಮೋಟರ್ ಬಿಚ್ಚಿ, ತಂತಿ ಸುತ್ತಿ ಮತ್ತೆ ಇಳಿಸುವ ಕೆಲಸ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಎಲ್ಲರೂ ಆ ಬೆಟ್ಟಗಳಲ್ಲಿ ಹಿಮ ನೋಡುತ್ತಾರೆ, ಆಕಾಶ ನೋಡುತ್ತಾರೆ. ನಾನು ನೋಡಿದ್ದು ಬರೀ ನೀರು.

ಆರು ಜನ, ಐದು ಬೈಕು. ನಮ್ಮಕ್ಕನ ಗಂಡ, ಅಂದರೆ ಬಾವ. ಟೊಮೆಟೊ ಮಂಡಿ ನಡೆಸುವ ಅಣ್ಣ; ಸೀಸನ್ ತಗ್ಗಿದ ಮೇಲೆಯೇ ಹೊರಡೋಣ ಅಂತ ಹಟ ಹಿಡಿದವರು ಅವರು. ಹೈಸ್ಕೂಲಿನಲ್ಲಿ ಸಮಾಜ ಪಾಠ ಮಾಡುವ ಮೇಷ್ಟ್ರು, ಅವರದು ನನ್ನ ಹಿಂದಿನ ಸೀಟು. ಟೇಕಲ್ ಕಡೆಯ ರೇಷ್ಮೆ ಬೆಳೆಗಾರರೊಬ್ಬರು, ಎಲ್ಲರ ಬಾಯಲ್ಲೂ ಗೌಡ್ರು. ಕೊನೆಗೆ ನನ್ನ ಅಂಗಡಿ ಹುಡುಗ, ನಮಗೆಲ್ಲ ಅವನು ಸಣ್ಣೋನು. ಅವನ ಹತ್ತಿರ ಇದ್ದದ್ದು ಅಪ್ಪನ ಹಳೇ ನೂರು ಸಿಸಿ ಬೈಕು. ಬೇಡವೋ ಅಂದೆವು, ಅವನು ಕೇಳಲಿಲ್ಲ. ಎರಡು ತಿಂಗಳು ಭಾನುವಾರ ಭಾನುವಾರ ಶತಶೃಂಗ ಬೆಟ್ಟ ಹತ್ತಿ ತೇರಹಳ್ಳಿ ಕಡೆಯ ಕಲ್ಲು ದಾರಿಯಲ್ಲಿ ಓಡಿಸಿ ಕೈ ಪಳಗಿಸಿಕೊಂಡೆವು. ಬೈಕುಗಳನ್ನು ಯಶವಂತಪುರದಿಂದ ಚಂಡೀಗಢಕ್ಕೆ ರೈಲಿನ ಪಾರ್ಸಲ್‌ನಲ್ಲಿ ಕಳಿಸಿದೆವು. ಟ್ಯಾಂಕಿನ ಪೆಟ್ರೋಲ್ ಪೂರ್ತಿ ಬಸಿದು ಕೊಡಬೇಕು. ಕನ್ನಡಿಗಳನ್ನು ಬಿಚ್ಚಿ ನಿಮ್ಮ ಬ್ಯಾಗಿನಲ್ಲೇ ಇಟ್ಟುಕೊಂಡರೆ ನೆಮ್ಮದಿ.

ಮೊದಲ ದಿನ: ಚಂಡೀಗಢದಿಂದ ನಾರ್ಕಂಡ

ಚಂಡೀಗಢದ ಸೆಕೆಯಲ್ಲಿ ಜಾಕೆಟ್ ಹಾಕಿಕೊಂಡು ಹೊರಟಾಗ ಬೆನ್ನ ಮೇಲೆ ಬೆವರು ಹರಿಯುತ್ತಿತ್ತು. ಸೋಲನ್ ದಾಟುವಾಗ ಒಣಗಿತು, ಶಿಮ್ಲಾದಲ್ಲಿ ಚಳಿ ಹಿಡಿಯಿತು. ಶಿಮ್ಲಾದ ಟ್ರಾಫಿಕ್‌ನಲ್ಲಿ ಎರಡು ಗಂಟೆ ಹೋಯಿತು, ಅದರ ಬಗ್ಗೆ ಬರೆಯುವಂಥದ್ದೇನೂ ಇಲ್ಲ. ಊರು ಬಿಟ್ಟ ಮೇಲೆ ದೇವದಾರು ಮರಗಳ ನಡುವೆ ಮಂಜು ಇಳಿದು, ಮುಂದಿನ ಬೈಕಿನ ಕೆಂಪು ದೀಪ ಮಾತ್ರ ಕಾಣುತ್ತಿತ್ತು.

ನಾರ್ಕಂಡ ಸುಮಾರು 2,700 ಮೀಟರ್ ಎತ್ತರ. ನಮ್ಮ ಕಡೆ ದೊಡ್ಡ ಬೆಟ್ಟ ಅಂದರೆ ನಂದಿ, ಅದು 1,478. ಬಸ್ ಸ್ಟ್ಯಾಂಡಿನ ಹತ್ತಿರದ ಸಣ್ಣ ಹೋಟೆಲಿನಲ್ಲಿ ಸಿಡ್ಡು ಕೊಟ್ಟರು. ಹುದುಗಿಸಿದ ಗೋಧಿ ಹಿಟ್ಟಿನೊಳಗೆ ಹೂರಣ ತುಂಬಿ ಹಬೆಯಲ್ಲಿ ಬೇಯಿಸಿದ ತಿಂಡಿ. ಬಿಸಿ ಬಿಸಿ ಮುರಿದು, ಮೇಲೆ ತುಪ್ಪ ಸುರಿದುಕೊಂಡು ತಿನ್ನಬೇಕು. ಗೌಡ್ರು ಮೂರು ತಿಂದು, "ನಮ್ಮ ಕಡುಬಿಗೆ ಇದು ದೊಡ್ಡಪ್ಪನ ಮಗ ಕಣ್ರಪ್ಪಾ" ಅಂದರು.

ಎರಡನೇ ದಿನ: ಕಲ್ಪಾ ದಾರಿ, ಬೆಟ್ಟ ಇಳಿದದ್ದು

ಬೆಳಿಗ್ಗೆ ಸಟ್ಲೆಜ್ ಕಣಿವೆಗೆ ಇಳಿದೆವು. ನೀರಿನ ಬಣ್ಣ ಸಿಮೆಂಟ್ ಕಲಸಿದ ಹಾಗೆ. ಅದರ ಸದ್ದು ಹೆಲ್ಮೆಟ್ಟಿನ ಒಳಗೂ ಕೇಳುತ್ತಿತ್ತು. ರಾಮಪುರ ದಾಟಿದ ಮೇಲೆ ನಾಥ್ಪಾ ಝಾಕ್ರಿ ಜಲವಿದ್ಯುತ್ ಯೋಜನೆಯ ಕಡೆಗೆ ಬೋರ್ಡುಗಳು ಬಂದವು. 1,500 ಮೆಗಾವ್ಯಾಟ್ ಅಂತ ಮೇಷ್ಟ್ರು ಹಿಂದಿನಿಂದ ಕಿವಿಗೆ ಕೂಗಿದರು. ಇಷ್ಟು ನೀರು ಒಂದೇ ಕಡೆ ಹರಿಯುವುದನ್ನು ನೋಡಿದ ಸಣ್ಣೋನು ಗಾಡಿ ನಿಲ್ಲಿಸಿ ತಡೆಗೋಡೆ ಹಿಡಿದು ನಿಂತುಬಿಟ್ಟ. ಅವನಿಗೆ ಇಪ್ಪತ್ತೆರಡು ವರ್ಷ. ಹರಿಯುವ ಹೊಳೆ ಅಂತ ಅವನು ಕಂಡದ್ದು ಎಷ್ಟು? ಪಾಲಾರ್, ಪಿನಾಕಿನಿ ನಮ್ಮ ಸೀಮೆಯಲ್ಲೇ ಹರಿಯುವ ನದಿಗಳು ಅಂತ ಪುಸ್ತಕದಲ್ಲಿ ಓದಿದ್ದಾನೆ. ಅವು ತುಂಬಿ ಹರಿದದ್ದನ್ನು ನೋಡಿರುವುದು ಒಂದೆರಡು ಮಳೆಗಾಲದಲ್ಲಿ ಮಾತ್ರ.

ಆಮೇಲೆ ಬಂಡೆ ಕೊರೆದು ಮಾಡಿದ ರಸ್ತೆ. ತಲೆ ಮೇಲೆ ಕಲ್ಲಿನ ಚಾವಣಿ, ಒಂದು ಪಕ್ಕ ಗೋಡೆ, ಇನ್ನೊಂದು ಪಕ್ಕ ಆಳದಲ್ಲಿ ಹೊಳೆ. ಭಾವಾನಗರ ದಾಟಿ ಸ್ವಲ್ಪ ದೂರ ಹೋಗುವಷ್ಟರಲ್ಲಿ ಸಾಲುಗಟ್ಟಿ ನಿಂತ ಲಾರಿಗಳು ಸಿಕ್ಕವು. ಮುಂದೆ ಬೆಟ್ಟ ಇಳಿದಿತ್ತು. ನಾಲ್ಕು ಗಂಟೆ ಕಾದೆವು.

ಸೇಬಿನ ಪೆಟ್ಟಿಗೆ ತರಲು ಖಾಲಿ ಲಾರಿ ತಗೊಂಡು ಹೊರಟಿದ್ದ ಡ್ರೈವರ್ ಒಬ್ಬರು ನಮ್ಮ ನಂಬರ್ ಪ್ಲೇಟ್ ನೋಡಿ, ಕೆಎ-07 ಎಲ್ಲಾಯ್ತು ಅಂತ ಕೇಳಿದರು. ಕೋಲಾರ ಅಂದೆ. "ಕೆಜಿಎಫ್!" ಅಂತ ಮುಖ ಅರಳಿಸಿದರು. ಚಿನ್ನ ಇನ್ನೂ ಸಿಗುತ್ತಾ ಅಂತ ಮುಂದಿನ ಪ್ರಶ್ನೆ. ಗಣಿ ಮುಚ್ಚಿದ್ದು 2001ರಲ್ಲಿ, ಈಗ ನಮ್ಮೂರಿಂದ ಹೊರಗೆ ಹೋಗುವುದು ಟೊಮೆಟೊ ಅಂದೆವು. ಅಲ್ಲಿಂದ ಮಂಡಿ ಅಣ್ಣನ ಕಾಲ ಬಂತು. ಪೆಟ್ಟಿಗೆಗೆ ಬಾಡಿಗೆ ಎಷ್ಟು, ಕಮಿಷನ್ ಯಾರು ಕೊಡುವುದು, ಕೊಳೆತರೆ ನಷ್ಟ ಯಾರದು, ಇಬ್ಬರೂ ಬಂಡೆ ಮೇಲೆ ಕೂತು ಲೆಕ್ಕ ಹಾಕಿದರು. ಮುರುಕು ಹಿಂದಿ, ಕೋಲಾರದ ಸಂತೆಯ ಉರ್ದು, ಬೆರಳೆಣಿಕೆ, ಇಷ್ಟೇ ಬೇಕಾಗಿದ್ದದ್ದು. ದಾರಿ ಬಿಟ್ಟಾಗ ಆ ಡ್ರೈವರ್ ಒಂದು ಮಾತು ಹೇಳಿದರು: "ಹಸಿ ಕಲ್ಲು ಬಿದ್ದಿರೋ ಕಡೆ ಫೋಟೋಗೆ ಅಂತ ನಿಲ್ಲಬೇಡಿ. ಸಣ್ಣ ಕಲ್ಲು ಉದುರ್ತಾ ಇದ್ರೆ ದೊಡ್ಡದು ಹಿಂದೇನೇ ಬರ್ತಾ ಇದೆ ಅಂತ ಅರ್ಥ." ಎಂಟು ದಿನವೂ ಆ ಮಾತು ಪಾಲಿಸಿದೆವು.

ಕತ್ತಲಲ್ಲಿ ಓಡಿಸಬಾರದು ಅಂತ ಹೊರಡುವ ಮುಂಚೆ ಒಪ್ಪಂದ ಆಗಿತ್ತು, ಅವತ್ತು ಅದನ್ನು ಮುರಿದೆವು. ರೆಕಾಂಗ್ ಪಿಯೋದಿಂದ ಕಲ್ಪಾಕ್ಕೆ ಹತ್ತುವ ಸುತ್ತು ದಾರಿಯಲ್ಲಿ ಮಳೆ, ಕತ್ತಲೆ. ಗೌಡ್ರ ಬೈಕು ಜಾರಿ ಚರಂಡಿ ಅಂಚಿಗೆ ಹೋಗಿ ನಿಂತಿತು. ಅವರಿಗೇನೂ ಆಗಲಿಲ್ಲ, ಆದರೆ ಕ್ಲಚ್ ಕೇಬಲ್ ಕಡಿಯಿತು. ಹಳೇ ಕೇಬಲ್ ಪಕ್ಕದಲ್ಲೇ ಹೊಸದೊಂದನ್ನು ಮೊದಲೇ ಎಳೆದು ಕಟ್ಟಿಟ್ಟಿದ್ದೆ. ಟಾರ್ಚ್ ಬೆಳಕಿನಲ್ಲಿ ಎರಡು ತುದಿ ಬದಲಿಸಿದ್ದಷ್ಟೇ, ಹತ್ತು ನಿಮಿಷದಲ್ಲಿ ಹೊರಟೆವು. ಬೆಟ್ಟಕ್ಕೆ ಹೋಗುವವರು ಈ ಒಂದು ಕೆಲಸವನ್ನು ಊರಲ್ಲೇ ಮಾಡಿಕೊಂಡು ಹೋಗಿ.

ಮೂರನೇ ದಿನ: ಮಳೆ ಹಿಂದಕ್ಕೆ ಉಳಿಯಿತು

ಕಲ್ಪಾದಲ್ಲಿ ಬೆಳಿಗ್ಗೆ ಕಿಟಕಿ ತೆಗೆದರೆ ಎದುರಿಗೇ ಕಿನ್ನರ ಕೈಲಾಸ, 6,050 ಮೀಟರ್. ರಾತ್ರಿಯ ಮೋಡ ಸೊಂಟದ ಮಟ್ಟದಲ್ಲಿ ಸುತ್ತಿಕೊಂಡಿತ್ತು. ಬಾವ ಹಲ್ಲುಜ್ಜುತ್ತಿದ್ದವರು ಹಾಗೇ ಕೈ ಮುಗಿದರು.

ಪೊವಾರಿಯಲ್ಲಿ ಟ್ಯಾಂಕ್ ತುಂಬಿಸಿದೆವು. ಅಲ್ಲಿಂದ ಕಾಜಾ ಮುಟ್ಟುವವರೆಗೆ ಪಂಪ್ ಇದೆ ಅಂತ ನಂಬಿಕೊಂಡು ಹೋಗಬಾರದು. ನಲವತ್ತು ಐವತ್ತು ಕಿಲೋಮೀಟರ್ ಹೋಗುವುದರೊಳಗೆ ದೇವದಾರು ಮುಗಿಯಿತು, ಪೊದೆ ಮುಗಿಯಿತು, ಹುಲ್ಲೂ ಮುಗಿಯಿತು. ಮಾನ್ಸೂನ್ ಮೋಡ ಹಿಂದಿನ ಸಾಲು ಬೆಟ್ಟಗಳಿಗೆ ಬಡಿದು ಅಲ್ಲೇ ಸುರಿದುಬಿಡುತ್ತದೆ, ಈಚೆಗೆ ದಾಟುವುದು ಬರಿಗಾಳಿ, ಅದಕ್ಕೇ ಇದು ಮರುಭೂಮಿ ಅಂತ ಮೇಷ್ಟ್ರು ವಿವರಿಸಿದರು. ನಿನ್ನೆ ಮಳೆಯಲ್ಲಿ ತೊಯ್ದ ಕೈಗವಸು ಮಧ್ಯಾಹ್ನದ ಹೊತ್ತಿಗೆ ಹಪ್ಪಳದ ಹಾಗೆ ಒಣಗಿತ್ತು.

ಖಾಬ್‌ನಲ್ಲಿ ಸ್ಪಿತಿ ಹೊಳೆ ಸಟ್ಲೆಜ್‌ಗೆ ಸೇರುತ್ತದೆ. ಟಿಬೆಟ್‌ನಿಂದ ಬರುವ ಸಟ್ಲೆಜ್ ಅಲ್ಲಿ ಬಲಕ್ಕೆ ಉಳಿಯಿತು, ನಮ್ಮ ದಾರಿ ಸ್ಪಿತಿಯ ಬೆನ್ನು ಹಿಡಿದು ಎಡಕ್ಕೆ ತಿರುಗಿತು. ಕಾ ಹಳ್ಳಿಯ ಸುತ್ತುಗಳನ್ನು ಹತ್ತಿ ನಾಕೋ ತಲುಪುವಾಗ ಸಣ್ಣೋನ ಬೈಕು ಎರಡನೇ ಗೇರಿನಲ್ಲೂ ಉಸಿರು ಕಟ್ಟುತ್ತಿತ್ತು. ಗಾಳಿ ತೆಳುವಾದರೆ ಕಾರ್ಬೊರೇಟರಿನಲ್ಲಿ ಪೆಟ್ರೋಲ್ ಹೆಚ್ಚಾಗಿ, ಗಾಳಿ ಕಡಿಮೆಯಾಗಿ ಹೊಗೆ ಬರುತ್ತದೆ, ಶಕ್ತಿ ಬರುವುದಿಲ್ಲ. ಏರ್ ಸ್ಕ್ರೂ ಅರ್ಧ ಸುತ್ತು ಬಿಚ್ಚಿ, ಏರ್ ಫಿಲ್ಟರ್ ಜಾಡಿಸಿ ಹಾಕಿದ ಮೇಲೆ ನಿಧಾನಕ್ಕೆ ಹತ್ತಿತು. ಮೊದಲ ಗೇರಿನಲ್ಲೇ ಆಗಲಿ, ಅವನು ಎಲ್ಲೂ ಇಳಿದು ತಳ್ಳಲಿಲ್ಲ.

ನಾಕೋದ ಸಣ್ಣ ಕೆರೆಯ ಪಕ್ಕದಲ್ಲಿ ರಾಜ್ಮಾ, ಅನ್ನ. ಕಿನ್ನೌರಿನ ರಾಜ್ಮಾ ಬೆಣ್ಣೆಯ ಹಾಗೆ ಕರಗುತ್ತದೆ. ಸಂಜೆ ತಾಬೋ.

ನಾಲ್ಕನೇ ದಿನ: ಸಾವಿರ ವರ್ಷದ ಮಣ್ಣು

ತಾಬೋ ಗೊಂಪ, ಅಂದರೆ ಬೌದ್ಧ ಮಠ, ಕಟ್ಟಿದ್ದು 996ರಲ್ಲಿ. ಹೊರಗಿಂದ ನೋಡಿದರೆ ಮಳೆಯಲ್ಲಿ ನೆನೆದು ಒಣಗಿದ ಮಣ್ಣಿನ ಗುಡಿಸಲು, ಅಷ್ಟೆ. ಒಳಗೆ ಫೋಟೋ ತೆಗೆಯುವಂತಿಲ್ಲ, ಅದು ಒಳ್ಳೆಯದೇ ಆಯಿತು. ಕತ್ತಲೆಗೆ ಕಣ್ಣು ಹೊಂದಿದ ಮೇಲೆ ಗೋಡೆಯಿಂದ ಒಂದೊಂದಾಗಿ ಆಕೃತಿಗಳು ಎದ್ದು ಬಂದವು. ಮಣ್ಣಿನಲ್ಲೇ ಮಾಡಿ ಗೋಡೆಗೆ ಅಂಟಿಸಿದ ದೇವತೆಗಳು, ಕೆಳಗೆ ನೀಲಿ ಕೆಂಪು ಬಣ್ಣದ ಚಿತ್ರಗಳು. 1975ರ ಭೂಕಂಪದಲ್ಲಿ ಪೆಟ್ಟಾದರೂ ಗೊಂಪ ಉಳಿದಿದೆ. ಮೇಷ್ಟ್ರು ಹೊರಗೆ ಬಂದು ತುಂಬ ಹೊತ್ತು ಮಾತಾಡಲಿಲ್ಲ. ಆಮೇಲೆ, "ನಮ್ಮ ಕೋಲಾರಮ್ಮನ ಗುಡೀಲಿ ರಾಜೇಂದ್ರ ಚೋಳನ ಕಾಲದ ಶಾಸನ ಇದೆಯಲ್ಲ, ಹೆಚ್ಚು ಕಡಿಮೆ ಅದೇ ಕಾಲ. ಅಲ್ಲಿ ಕಲ್ಲು ಕಡೆದರು, ಇಲ್ಲಿ ಮಣ್ಣು ಮೆತ್ತಿದರು" ಅಂದರು.

ಧಂಕರ್‌ಗೆ ಹತ್ತಿದೆವು. ಹುತ್ತದ ಹಾಗೆ ಎದ್ದ ಮಣ್ಣಿನ ಕೋಡುಗಳ ಮೇಲೆ ಹಳೇ ಗೊಂಪ ಕೂತಿದೆ. ಕೆಳಗೆ ಪಿನ್ ಹೊಳೆ ಬಂದು ಸ್ಪಿತಿಗೆ ಸೇರುವ ಅಗಲವಾದ ಬಯಲು. ಅಲ್ಲಿಯೇ ಬಾವನಿಗೆ ತಲೆನೋವು ಶುರುವಾಯಿತು. ಹೇಳಲಿಲ್ಲ. ಕಾಜಾ ಮುಟ್ಟಿ ಟೀ ಲೋಟ ಮುಂದಿಟ್ಟಾಗ ವಾಂತಿ ಬಂತು ಅಂತ ಎದ್ದು ಹೋದರು.

ಐದನೇ ದಿನ: ಕಾಜಾದಲ್ಲಿ ನಿಂತದ್ದು

ಕಾಜಾ 3,650 ಮೀಟರ್. ಕೋಲಾರ ಇರುವುದು 800ರ ಆಸುಪಾಸಿನಲ್ಲಿ. ನಾಲ್ಕು ದಿನದಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಏರಿದ್ದರಿಂದ ಇಷ್ಟಕ್ಕೇ ಮುಗಿಯಿತು. ಮನಾಲಿ ಕಡೆಯಿಂದ ನೇರ ಬಂದಿದ್ದರೆ ಇನ್ನೂ ಕಷ್ಟ ಆಗುತ್ತಿತ್ತು ಅಂತ ಅಲ್ಲಿನ ಡಾಕ್ಟರ್ ಹೇಳಿದರು. ಬೆರಳಿಗೆ ಯಂತ್ರ ಸಿಕ್ಕಿಸಿ ಆಮ್ಲಜನಕ ನೋಡಿ, ಇವತ್ತು ಇವರು ಮೇಲೆ ಹೋಗಬಾರದು, ನೀರು ಕುಡಿಯಲಿ, ಮಲಗಲಿ, ತಲೆನೋವು ಜಾಸ್ತಿಯಾದರೆ ಕೆಳಗಿಳಿಸಿ ಅಂದರು. ಬಾವ, "ನನ್ನಿಂದ ನಿಮಗೆಲ್ಲ ಕೆಟ್ಟಿತು" ಅಂತ ಕೊರಗಿದರು. ಮಂಡಿ ಅಣ್ಣ ಬೈದರು: "ಸುಮ್ನಿರು ಬಾವ. ನಿನ್ನೆಯೇ ಹೇಳಿದ್ರೆ ಇಷ್ಟೂ ಆಗ್ತಿರಲಿಲ್ಲ." ಎತ್ತರದಲ್ಲಿ ಮುಚ್ಚಿಟ್ಟುಕೊಳ್ಳುವುದು ಗಂಡಸುತನ ಅಲ್ಲ. ಅದು ಜೊತೆಯವರಿಗೂ ಅಪಾಯ.

ನಾನೂ ಅಣ್ಣನೂ ಬಾವನ ಜೊತೆ ಉಳಿದೆವು. ಗೌಡ್ರು, ಮೇಷ್ಟ್ರು, ಸಣ್ಣೋನು ಮೂವರು ಲಾಂಗ್ಜಾ, ಹಿಕ್ಕಿಂ ನೋಡಿ ಬಂದರು. ಹಿಕ್ಕಿಂನ ಅಂಚೆ ಕಚೇರಿ 4,400 ಮೀಟರಿನಷ್ಟು ಎತ್ತರದಲ್ಲಿದೆ, 1983ರಿಂದ ನಡೆಯುತ್ತಿದೆ. ಸಣ್ಣೋನು ಅಲ್ಲಿಂದ ಅವನ ಅಮ್ಮನಿಗೆ ಕಾರ್ಡು ಹಾಕಿದ. ಆಯಮ್ಮನಿಗೆ ಓದಲು ಬರುವುದಿಲ್ಲ. ಅದಕ್ಕೇ ಅವನು ಅಕ್ಷರದ ಬದಲು ಬೈಕು, ಬೆಟ್ಟ, ಮೇಲೆ ಒಂದು ಸೂರ್ಯ ಬರೆದಿದ್ದ. ನಾವು ಊರು ಸೇರಿ ವಾರ ಕಳೆದ ಮೇಲೆ ಬಂತು. ಈಗ ಅವರ ದೇವರ ಪಟದ ಪಕ್ಕದಲ್ಲಿದೆ.

ಆರನೇ ದಿನ: ಕಿಬ್ಬರ್

ಬಾವ ಬೆಳಿಗ್ಗೆ ತಾವಾಗಿಯೇ ಎದ್ದು ಎರಡು ಪರಾಠ ತಿಂದರು. ಡಾಕ್ಟರ್ ಇನ್ನೊಮ್ಮೆ ನೋಡಿ ಹೋಗಬಹುದು ಅಂದರು. ಕಾಜಾದಲ್ಲಿ ಪೆಟ್ರೋಲ್ ತುಂಬಿಸಿಕೊಂಡೆವು. ಮುಂದೆ ಮನಾಲಿವರೆಗೆ ಇನ್ನೂರು ಕಿಲೋಮೀಟರಿನಷ್ಟು ಪಂಪ್ ಇಲ್ಲ, ಹಾಗಾಗಿ ಬೈಕಿಗೆ ಐದೈದು ಲೀಟರ್ ಕ್ಯಾನಿನಲ್ಲೂ ಹಿಡಿದೆವು. ಕೀ ಗೊಂಪದಲ್ಲಿ ಕರಿ ಟೀ ಕುಡಿದು ಮಧ್ಯಾಹ್ನಕ್ಕೆ ಕಿಬ್ಬರ್ ಸೇರಿದೆವು. 4,200 ಮೀಟರಿನ ಹಳ್ಳಿ, ಬಿಳಿ ಗೋಡೆ, ಚಾವಣಿ ಅಂಚಿಗೆ ಪೇರಿಸಿದ ಸೌದೆ. ಸುತ್ತಲಿನ ಬೆಟ್ಟ ಬೋಳು. ಊರಿನ ಮಗ್ಗುಲಲ್ಲಿ ಮಾತ್ರ ಹಸಿರು ಚೌಕಗಳು.

ನಾವು ಇಳಿದುಕೊಂಡ ಮನೆಯ ಅಮ್ಮನಿಗೆ ಅರವತ್ತು ದಾಟಿತ್ತು. "ಜುಲೇ" ಅಂತ ಕರೆದು ಒಲೆಯ ಸುತ್ತ ಕೂರಿಸಿ ಬೆಣ್ಣೆ, ಉಪ್ಪು ಹಾಕಿದ ಟೀ ಕೊಟ್ಟರು. ಆಮೇಲೆ ಬಟ್ಟಲಿನಲ್ಲಿ ಹುರಿದ ಜವೆಯ, ಅಂದರೆ ಬಾರ್ಲಿಯ ಹಿಟ್ಟು. ಅದನ್ನು ಟೀಯಲ್ಲಿ ಕಲಸಿ ಉಂಡೆ ಕಟ್ಟಿ ತೋರಿಸಿದರು. ಗೌಡ್ರು ಎದ್ದು ಹೋಗಿ ಬ್ಯಾಗಿನಿಂದ ರಾಗಿ ಹುರಿಹಿಟ್ಟಿನ ಡಬ್ಬಿ ತಂದು ಅಮ್ಮನ ಮುಂದಿಟ್ಟರು. ಆಕೆ ಮೂಸಿ ನೋಡಿ, ಚಿಟಿಕೆ ಬಾಯಿಗೆ ಹಾಕಿಕೊಂಡು, ನಕ್ಕರು. ಭಾಷೆ ಬೇಕಾಗಲಿಲ್ಲ.

ರಾತ್ರಿ ಮುದ್ದೆ ನಾವು ಮಾಡುತ್ತೇವೆ ಅಂತ ಒಲೆ ಕೇಳಿ ಪಡೆದೆವು. ಆ ಎತ್ತರದಲ್ಲಿ ನೀರು 86 ಡಿಗ್ರಿ ಸುತ್ತಮುತ್ತಲೇ ಕುದಿದುಬಿಡುತ್ತದೆ. ಕುದಿ ಕಂಡ ತಕ್ಷಣ ಹಿಟ್ಟು ಸುರಿದರೆ ಒಳಗೆ ಹಸಿ ಉಳಿಯುತ್ತದೆ. ಮೊದಲ ಸಲ ಹಾಗೇ ಆಯಿತು. ಎರಡನೇ ಸಲ ಹಿಟ್ಟು ಹಾಕಿ ಮುಚ್ಚಿ ಅರ್ಧ ಗಂಟೆ ಸಣ್ಣ ಉರಿಯಲ್ಲಿ ಬೇಯಿಸಿ, ಕೋಲು ಸಿಗದೆ ಅಮ್ಮನ ಕಡಗೋಲು ತಿರುಗಿಸಿ ತೊಳಸಿದೆವು. ಹಸಿ ಬಟಾಣಿ ಹಾಕಿ ಸಾರು. ಅಮ್ಮ ಮುದ್ದೆಯನ್ನು ಅಗಿದರು. ಬಾವ ನುಂಗಬೇಕು ಅಂತ ತೋರಿಸಿಕೊಟ್ಟರು. ಎರಡು ದಿನದ ಮೇಲೆ ಬಾವ ಹೊಟ್ಟೆ ತುಂಬ ಉಂಡದ್ದು ಅಲ್ಲೇ.

ಆದರೆ ನಾನು ಹೇಳಬೇಕು ಅಂತ ಇರುವುದು ಅವತ್ತೇ ಸಂಜೆಯ, ಮುದ್ದೆಗೂ ಮುಂಚಿನ ಮಾತು.

ಐದು ಗಂಟೆ ಹೊತ್ತಿಗೆ ಅಮ್ಮ ಹೆಗಲ ಮೇಲೆ ಸನಿಕೆಯಂಥದ್ದೊಂದು ಹೊತ್ತು ಹೊರಟರು. ನಾನೂ ಹಿಂದೆ ಹೋದೆ. ನಾಲ್ಕು ಹೆಜ್ಜೆಗೊಮ್ಮೆ ನಾನು ಉಸಿರಿಗೆ ನಿಲ್ಲುತ್ತಿದ್ದೆ, ಆಕೆ ತಿರುಗಿ ನೋಡಿ ಕಾಯುತ್ತಿದ್ದರು. ಬಟಾಣಿ ಹೊಲದ ತಲೆಗೆ ಒಂದು ಮೊಳ ಅಗಲದ ಕಾಲುವೆ. ಬೆಟ್ಟದ ಪಕ್ಕೆಯನ್ನು ಹಿಡಿದು ಗೆರೆ ಎಳೆದ ಹಾಗೆ ಬಂದಿದೆ. ಕೂಲ್ ಅನ್ನುತ್ತಾರೆ. ಮೇಲೆ ಎಲ್ಲೋ ಹಿಮ ಕರಗಿದ ನೀರನ್ನು ಕಿಲೋಮೀಟರುಗಟ್ಟಲೆ ಕಲ್ಲು ಜೋಡಿಸಿ, ಇಳಿಜಾರು ತಪ್ಪದ ಹಾಗೆ ನಡೆಸಿಕೊಂಡು ಬರುತ್ತಾರೆ. ರಾತ್ರಿ ಹರಿದದ್ದು ಊರ ತಲೆಯ ಕಟ್ಟೆಯಲ್ಲಿ ತುಂಬುತ್ತದೆ. ಬೆಳಿಗ್ಗೆ ಬಾಯಿ ತೆಗೆದು ಹೊಲಕ್ಕೆ ಬಿಡುತ್ತಾರೆ. ಸಂಜೆ ಕಟ್ಟೆ ಖಾಲಿಯಾದ ಮೇಲೆ ಬಾಯಿ ಮುಚ್ಚುತ್ತಾರೆ. ಮತ್ತೆ ರಾತ್ರಿ ತುಂಬಬೇಕು.

ಅವತ್ತು ಆಕೆಯ ಮನೆಯ ಸರದಿ ಮುಗಿದಿತ್ತು. ಎರಡು ಕಲ್ಲು ಸರಿಸಿ, ಹುಲ್ಲು ಸಮೇತ ಕಿತ್ತ ಮಣ್ಣಿನ ಹೆಂಟೆ ಒತ್ತಿ, ಮೇಲೆ ಕಾಲಿಂದ ತುಳಿದು ತಮ್ಮ ಹೊಲದ ಬಾಯಿ ಮುಚ್ಚಿದರು. ಒಂದು ಹನಿ ಸೋರಲಿಲ್ಲ. ಆ ಕಾಲು ತುಳಿದ ರೀತಿ ನೋಡಿ ನನಗೆ ಗಂಟಲು ಕಟ್ಟಿತು.

ನಮ್ಮ ತಾತ ನೀರುಗಂಟಿ. ನಮ್ಮೂರ ಕೆರೆಗೆ ತೂಬೆತ್ತುವುದು, ಅಚ್ಚುಕಟ್ಟಿನ ಗದ್ದೆಗೆಲ್ಲ ಸರದಿ ಪ್ರಕಾರ ನೀರು ಕಟ್ಟುವುದು ಅವರ ಕೆಲಸ. ಆ ಅಚ್ಚುಕಟ್ಟಿನಲ್ಲಿ ಅವರಿಗೆ ಅಂತ ಒಂದು ಗುಂಟೆಯೂ ಇರಲಿಲ್ಲ. ಸುಗ್ಗಿಯಲ್ಲಿ ಕಣದ ಮೂಲೆಯಲ್ಲಿ ನಿಂತು ಆಯದ ಭತ್ತ ಇಸಕೊಳ್ಳುತ್ತಿದ್ದರು. ಆದರೆ ನೀರು ಯಾರಿಗೆ, ಎಷ್ಟು ಹೊತ್ತು ಅನ್ನುವುದರಲ್ಲಿ ಊರ ದೊಡ್ಡೋರೂ ಅವರ ಮಾತಿಗೆ ಎದುರಾಡುವಂತಿರಲಿಲ್ಲ. ನೀರು ಕಮ್ಮಿ ಇದ್ದ ವರ್ಷ ಎಲ್ಲರಿಗೂ ಒಂದೊಂದು ಪಾಲು ಕಮ್ಮಿ. ನನಗೆ ಆರೇಳು ವರ್ಷ ಇದ್ದಾಗ ರಾತ್ರಿ ಲಾಟೀನು ಹಿಡಿದು ಅವರ ಹಿಂದೆ ಹೋಗುತ್ತಿದ್ದೆ. ಇದೇ ರೀತಿ ಹೆಂಟೆ ಇಟ್ಟು, ಹಿಮ್ಮಡಿಯಿಂದ ಎರಡು ಸಲ ತುಳಿಯುತ್ತಿದ್ದರು. ಆಮೇಲೆ ಬೋರ್‌ವೆಲ್ ಬಂದವು. ಕೆರೆಗೆ ನೀರು ಬರುವ ರಾಜಕಾಲುವೆಗಳು ಮುಚ್ಚಿದವು, ಕೆರೆ ಒಣಗಿತು, ತೂಬಿನ ಬಾಯಲ್ಲಿ ಜಾಲಿ ಬೆಳೆಯಿತು. ನೀರುಗಂಟಿ ಅನ್ನುವ ಕೆಲಸವೇ ಇಲ್ಲದೆ ಹೋಯಿತು. ತೂಬೆತ್ತಿದವರ ಮೊಮ್ಮಗ ಮೋಟರ್ ಎತ್ತಲು ಕಲಿತ.

ಇದನ್ನೆಲ್ಲ ನನಗೆ ಬಂದ ಹಿಂದಿಯಲ್ಲಿ ಅಮ್ಮನಿಗೆ ಹೇಳಿದೆ. ಕಾಲುವೆ ದಂಡೆ ಮೇಲೆ ಕೂತು ಕೇಳಿದರು. ನಿಮ್ಮ ಕಡೆ ಈಗ ನೀರು ಎಲ್ಲಿಂದ ಬರುತ್ತೆ ಅಂತ ಕೇಳಿದರು. ನೆಲದ ಕೆಳಗಿಂದ, ಸಾವಿರದ ಇನ್ನೂರು ಅಡಿ, ಅಂದೆ. ಆಕೆಗೆ ಅಳತೆ ಗೊತ್ತಾಗಲಿಲ್ಲ. ಕೆಳಗೆ ಕಾಣುವ ಹೊಳೆ ಕಡೆ ಕೈ ತೋರಿಸಿ, ಅಷ್ಟು ಆಳವಾ ಅಂದರು. ಅದರ ಅರ್ಧಕ್ಕೂ ಹೆಚ್ಚು ಇರಬಹುದು ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು: "ಅಷ್ಟು ಕೆಳಗೆ ಸರದಿ ಯಾರು ನೋಡ್ತಾರೆ?"

ಇಪ್ಪತ್ತು ವರ್ಷದಿಂದ ಮೋಟರ್ ಇಳಿಸುತ್ತಿದ್ದೇನೆ. ಪಕ್ಕದ ಹೊಲದವನು ನೂರು ಅಡಿ ಹೆಚ್ಚು ಕೊರೆಸಿದರೆ ಇವನ ಬೋರ್ ಬತ್ತುತ್ತದೆ, ಇವನು ಸಾಲ ಮಾಡಿ ಇನ್ನೂರು ಅಡಿ ಹೆಚ್ಚು ಕೊರೆಸುತ್ತಾನೆ. ಇಬ್ಬರೂ ನನ್ನ ಅಂಗಡಿಗೇ ಬರುತ್ತಾರೆ. ಈ ಪ್ರಶ್ನೆಯನ್ನು ನನಗೆ ಯಾರೂ ಕೇಳಿರಲಿಲ್ಲ, ನಾನೂ ಯಾರನ್ನೂ ಕೇಳಿರಲಿಲ್ಲ. ಯಾರೂ ನೋಡಲ್ಲಮ್ಮ ಅಂದೆ.

ಅಲ್ಲಿಯೂ ಎಲ್ಲ ಸರಿ ಇದೆ ಅಂತ ನಾನು ಹೇಳುವುದಿಲ್ಲ. ಹಳೇ ಮನೆತನಗಳಿಗೆ ನೀರಿನ ಹಕ್ಕು ಮೊದಲು, ಉಳಿದವರು ಅವರನ್ನು ಕೇಳಿ ಪಡೆಯಬೇಕು. ಹಿಮ ಬೀಳುವುದೂ ಮೊದಲಿನ ಹಾಗಿಲ್ಲ ಅಂತ ಆಕೆಯೇ ಹೇಳಿದರು. ಚಿಕ್ಕಂದಿನಲ್ಲಿ ಬಾಗಿಲು ಮುಚ್ಚುವಷ್ಟು ಬೀಳುತ್ತಿತ್ತಂತೆ. ಈಗ ಕೆಲವು ವರ್ಷ ಮೊಣಕಾಲೂ ಮುಟ್ಟುವುದಿಲ್ಲ. ಹಿಮ ಕಮ್ಮಿಯಾದ ವರ್ಷ ಬಟಾಣಿ ಒಣಗುತ್ತದೆ, ಬಟಾಣಿಯೇ ಅವರ ಕೈಗೆ ದುಡ್ಡು ಕೊಡುವ ಬೆಳೆ. ಆದರೂ ಕಮ್ಮಿ ಬಿದ್ದಾಗ ಎಲ್ಲರೂ ಕೂತು ಸರದಿ ಬದಲಿಸುತ್ತಾರೆ. ನೀರು ಕಣ್ಣಿಗೆ ಕಾಣುವ ಕಡೆ ಅದು ಸಾಧ್ಯ ಅನ್ನಿಸಿತು.

ನಮ್ಮ ಜಿಲ್ಲೆಯ ಕೆರೆಗಳಿಗೆ 2018ರಿಂದ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ಬರುತ್ತಿದೆ. ಒಣಗಿದ ಎಷ್ಟೋ ಕೆರೆಗಳು ತುಂಬಿದವು. ಆ ನೀರು ಎಷ್ಟು ಶುದ್ಧ ಅನ್ನುವ ಜಗಳ ಬೇರೆ ಇದೆ, ಅದು ಆಗಲೇಬೇಕಾದ ಜಗಳ. ಕೆರೆ ತುಂಬಿದೆ, ನೀರುಗಂಟಿ ಮಾತ್ರ ವಾಪಸ್ ಬರಲಿಲ್ಲ.

ಅಷ್ಟರಲ್ಲಿ ಮಂಡಿ ಅಣ್ಣ ಕೆಳಗೆ ಪಿಕಪ್ ವ್ಯಾನಿಗೆ ಬಟಾಣಿ ಮೂಟೆ ಹೇರುವವರ ಜೊತೆ ನಿಂತಿದ್ದರು. ಎರಡು ಮೂಟೆ ತಾವೂ ಎತ್ತಿ ಹಾಕಿದರಂತೆ, ಹತ್ತು ನಿಮಿಷ ಏದುಸಿರು ಬಿಡುತ್ತಾ ಕೂತಿದ್ದರು.

ಏಳನೇ ದಿನ: ಕುಂಜುಂ, ಚಂದ್ರತಾಲ್

ಅಮ್ಮ ಹೊರಡುವಾಗ ಒಂದು ಚೀಲ ಹುರಿದ ಜವೆ ಹಿಟ್ಟು ಕೊಟ್ಟರು. ನಾವು ರಾಗಿ ಡಬ್ಬಿಯನ್ನು ಪೂರ್ತಿ ಅಲ್ಲೇ ಬಿಟ್ಟೆವು. ನಂಬರ್ ಬರೆದುಕೊಂಡೆ.

ಚಿಚಂ ಸೇತುವೆ ಮೇಲೆ ನಿಂತು ಕೆಳಗೆ ನೋಡಿದರೆ ಕಮರಿ ತಳ ಕಾಣುವುದಕ್ಕೆ ಕಣ್ಣಿಗೆ ಹೊತ್ತು ಹಿಡಿಯುತ್ತದೆ. 2017ರಲ್ಲಿ ಈ ಸೇತುವೆ ಆಗುವ ಮುಂಚೆ ಜನ ಹಗ್ಗಕ್ಕೆ ಕಟ್ಟಿದ ತೊಟ್ಟಿಲಲ್ಲಿ ಕೂತು ಕೈಯಲ್ಲಿ ಎಳೆದುಕೊಂಡು ದಾಟುತ್ತಿದ್ದರು. ಲೋಸರ್‌ನಲ್ಲಿ ತುಕ್ಪಾ, ಅಂದರೆ ನೂಡಲ್ಸ್ ಹಾಕಿದ ಸೂಪು, ಕುಡಿದೆವು. ಅಲ್ಲಿಂದ ಮುಂದೆ ಡಾಂಬರಿನ ಆಸೆ ಬಿಡಬೇಕು. ಕುಂಜುಂ ಕಣಿವೆ ದಾರಿ ಸುಮಾರು 4,550 ಮೀಟರ್. ಮೇಲೆ ದೇವಿಯ ಗುಡಿ, ಗಾಳಿಗೆ ಪಟಪಟ ಬಡಿಯುವ ಬಣ್ಣದ ಬಾವುಟಗಳು. ಗುಡಿಯನ್ನು ಎಡದಿಂದ ಒಂದು ಸುತ್ತು ಹಾಕಿಯೇ ವಾಹನಗಳು ಮುಂದೆ ಹೋಗುವುದು. ನಾವೂ ಹಾಕಿದೆವು. ಸಣ್ಣೋನು ಬೈಕಿನ ಟ್ಯಾಂಕ್ ಮೇಲೆ ತಲೆ ಇಟ್ಟು ಒಂದು ನಿಮಿಷ ಹಾಗೇ ಕೂತಿದ್ದ.

ಚಂದ್ರತಾಲ್‌ನ ಕ್ಯಾಂಪುಗಳು ಕೆರೆಯಿಂದ ದೂರದಲ್ಲಿವೆ. ಕೆರೆ ದಂಡೆಯಲ್ಲಿ ಡೇರೆ ಹಾಕುವಂತಿಲ್ಲ. 2005ರಿಂದ ಅದು ರಾಮ್ಸಾರ್ ಪಟ್ಟಿಯಲ್ಲಿ, ಅಂದರೆ ಜಗತ್ತಿನ ಮುಖ್ಯ ಜಲತಾಣಗಳ ಪಟ್ಟಿಯಲ್ಲಿ ಇದೆ. ಗಾಡಿ ಬಿಟ್ಟು ಕೊನೆಯ ದಾರಿ ನಡೆದು ಹೋದೆವು. 4,250 ಮೀಟರ್ ಎತ್ತರದಲ್ಲಿ ಅಷ್ಟು ನೀಲಿ ನೀರು. ತಳದ ಕಲ್ಲು ಎಣಿಸಬಹುದಿತ್ತು. ಗೌಡ್ರು ಅಂಗೈಯಲ್ಲಿ ತೆಗೆದು ತಲೆಗೆ ಹಾಕಿಕೊಂಡರು. ಯಾರೂ ಜೋರಾಗಿ ಮಾತಾಡಲಿಲ್ಲ. ರಾತ್ರಿ ಡೇರೆಯೊಳಗೆ ಬಾಟಲಿಯ ನೀರು ಹೆಪ್ಪುಗಟ್ಟಿತು.

ಎಂಟನೇ ದಿನ: ನಾಲೆಗಳು, ಮನಾಲಿ

ಕ್ಯಾಂಪಿನ ಹುಡುಗ ನಮ್ಮನ್ನು ಐದೂವರೆಗೇ ಎಬ್ಬಿಸಿದ. ಬಾತಲ್‌ನಿಂದ ಗ್ರಾಂಫುವರೆಗೆ ರಸ್ತೆಗೆ ಅಡ್ಡ ಹರಿಯುವ ಹಳ್ಳಗಳಿವೆ, ಅಲ್ಲಿ ನಾಲಾ ಅನ್ನುತ್ತಾರೆ. ರಾತ್ರಿ ಮೇಲೆ ಹಿಮ ಕರಗುವುದು ನಿಲ್ಲುವುದರಿಂದ ಬೆಳಿಗ್ಗೆ ನೀರು ಕಮ್ಮಿ, ಬಿಸಿಲೇರಿದ ಹಾಗೆ ಹೆಚ್ಚುತ್ತಾ ಮಧ್ಯಾಹ್ನ ಬೈಕನ್ನೇ ತಳ್ಳುವಷ್ಟು ಆಗುತ್ತದೆ. ಬೇಗ ಹೊರಟೆವು, ಆದರೂ ಛತ್ರು ಮುಟ್ಟುವ ಮುಂಚಿನ ಒಂದು ನಾಲೆಯಲ್ಲಿ ಮಂಡಿ ಅಣ್ಣ ಬಿದ್ದರು. ನೀರೊಳಗಿನ ಗುಂಡುಕಲ್ಲಿಗೆ ಮುಂದಿನ ಚಕ್ರ ಸಿಕ್ಕಿ ಗಾಡಿ ಮಗ್ಗುಲಾಯಿತು. ಕಾಲು ಕೆಳಗೆ ಸಿಕ್ಕಿಕೊಂಡಿತ್ತು. ನಾನೂ ಸಣ್ಣೋನೂ ಶೂ ಸಮೇತ ಇಳಿದೆವು. ಆ ನೀರಿನ ಚಳಿ ಚಳಿಯ ಹಾಗಿರಲಿಲ್ಲ, ಸುಟ್ಟ ಹಾಗೆ ಇತ್ತು. ಎತ್ತಿ ದಡಕ್ಕೆ ತಂದು ನೋಡಿದರೆ ಹಿಮ್ಮಡಿ ಊದಿತ್ತು, ಮೂಳೆಗೆ ಏನೂ ಆಗಿರಲಿಲ್ಲ. ಎದುರಿಂದ ಬಂದ ಜೀಪಿನವರು ನಿಲ್ಲಿಸಿ ಕಾಲಿಗೆ ಎಣ್ಣೆ ತಿಕ್ಕಿ, ಒಣ ಕಾಲುಚೀಲ ಕೊಟ್ಟು ಹೋದರು. ಹೆಸರು ಕೇಳುವುದು ಮರೆತೆವು, ಅದು ಈಗಲೂ ಮನಸ್ಸಿನಲ್ಲಿದೆ.

ನಾಲೆ ದಾಟುವಾಗ ಮೊದಲ ಗೇರಿನಲ್ಲಿ ಒಂದೇ ಸಮ ಹೋಗಬೇಕು, ನಡುವೆ ಕ್ಲಚ್ ಹಿಡಿಯಬಾರದು. ಅದಕ್ಕೂ ಮುಂಚೆ ಒಬ್ಬರು ನಡೆದು ನೋಡಿ ಬರಬೇಕು. ನಮಗೆ ಅವಸರವಾಗಿತ್ತು, ನಡೆದು ನೋಡಲಿಲ್ಲ.

ಅಟಲ್ ಸುರಂಗ 9.02 ಕಿಲೋಮೀಟರ್. ಈಚೆ ಬೋಳು ಬೆಟ್ಟ, ಒಣ ಗಾಳಿ. ಆಚೆ ಬಾಯಿ ತೆರೆದ ತಕ್ಷಣ ಮಳೆ, ಹಸಿರು, ಒದ್ದೆ ಮಣ್ಣಿನ ವಾಸನೆ. ಐದೂ ಬೈಕು ಬದಿಗೆ ನಿಲ್ಲಿಸಿ ಹೆಲ್ಮೆಟ್ ತೆಗೆದು ನೆನೆದೆವು. ಮನಾಲಿಯಲ್ಲಿ ಬಿಸಿನೀರು, ಅನ್ನ, ಹತ್ತು ಗಂಟೆ ನಿದ್ದೆ. ಮಾರನೇ ದಿನದಿಂದ ವಾಪಸ್ ಪ್ರಯಾಣ.

ಈ ಜೂನ್ ಮೊದಲ ವಾರ ವೇಮಗಲ್ ಕಡೆ ಒಂದು ತೋಟದಲ್ಲಿ ಮೋಟರ್ ಎತ್ತಿಸುತ್ತಿದ್ದೆ. ಪೈಪು ಒಂದೊಂದೇ ಮೇಲೆ ಬರುತ್ತಿತ್ತು, ಅರವತ್ತಕ್ಕೂ ಹೆಚ್ಚು ಪೈಪು. ನೆರಳಿನಲ್ಲಿ ಕೂತು ಕಿಬ್ಬರ್‌ಗೆ ಫೋನ್ ಮಾಡಿದೆ. ಮೂರನೇ ಸಲಕ್ಕೆ ಸಿಕ್ಕಿತು. ಈ ಸಲ ಹಿಮ ಹೇಗೆ ಬಿತ್ತಮ್ಮ ಅಂದೆ. ಪರವಾಗಿಲ್ಲ, ಬಟಾಣಿ ಮೊಳೆತಿದೆ ಅಂದರು. ಹಿಂದೆ ಗಾಳಿಯ ಸದ್ದು, ಅದರೊಳಗೆ ನೀರಿನ ಸದ್ದೂ ಕೇಳಿದ ಹಾಗಾಯಿತು. ಇವತ್ತು ಯಾರ ಸರದಿ ಅಂತ ಕೇಳಿದೆ.

"ನಮ್ಮದೇ. ಹೊಲದ ಬಾಯಿ ತೆಗೀತಿದ್ದೀನಿ, ಕೈಯೆಲ್ಲ ಮಣ್ಣು. ಆಮೇಲೆ ಮಾಡು" ಅಂತ ಇಟ್ಟುಬಿಟ್ಟರು.